ಸೂರತ್ತಿನಲ್ಲಿ ನಿಂತುಹೋದ ಒಂದು ಕರೆ

ಕಣ್ಣಿಗೆ ಕಾಣದುದನ್ನು ಕಾಣಿಸುವ ಕಿರಣವನ್ನು ಸೃಷ್ಟಿಯೊಳಗೆ ಅಡಗಿಸಿಟ್ಟ ಶ್ರೀಹರಿಗೆ ಮೊದಲ ನಮಸ್ಕಾರ. ಅದನ್ನು ಹುಡುಕಿ ತೆಗೆದು ಲೋಕದ ಕೈಗಿತ್ತವರಿಗೆ ಎರಡನೆಯದು. ಮುಂಜಾನೆ ಹತ್ತು ಶ್ಲೋಕ ಒಪ್ಪಿಸುವ ತನಕ ನನ್ನನ್ನು ಎಲೆಯ ಮುಂದೆ ಕುಳ್ಳಿರಿಸದಿದ್ದ, ಆದರೂ ಊರಿನ ಮಾತಿಗೆ ಕಿವಿಗೊಡದೆ ಕ್ಷ-ಕಿರಣದ ತರಬೇತಿಗೆ ಕಳುಹಿಸಿಕೊಟ್ಟ ನನ್ನ ತಂದೆಯವರಿಗೆ, ನಮ್ಮಂಥವರಿಗೆ ಅನ್ನವನ್ನೂ ನೆಲೆಯನ್ನೂ ಕೊಟ್ಟ ಗುಜರಾತಿನ ಮಣ್ಣಿಗೆ ನಾನು ಎಂದೆಂದಿಗೂ ಋಣಿ. ಎಲ್ಲರಿಗಿಂತ ಮಿಗಿಲಾಗಿ, ಗುರುತು ಪರಿಚಯವಿಲ್ಲದ ಈ ಮುದುಕಿಯ ಕೈಗಳನ್ನು ನಂಬಿ, ಸೆರಗು ಸರಿಸಿ ಯಂತ್ರದ ಮುಂದೆ ನಿಂತ ಹೆಂಗಸರಿಗೆ ತಲೆಬಾಗುತ್ತೇನೆ. ಅವರಲ್ಲಿ ಒಬ್ಬಾಕೆಯ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ಇಲ್ಲಿ ನಿವೇದಿಸಿಕೊಳ್ಳುತ್ತಿದ್ದೇನೆ.

ನಿವೃತ್ತಿಯಾಗಿ ವಡೋದರಾದ ಮನೆಯಲ್ಲಿದ್ದ ನನ್ನನ್ನು ಧರ್ಮಾರ್ಥ ಸಂಸ್ಥೆಯೊಂದು ಮತ್ತೆ ಕೆಲಸಕ್ಕೆ ಕರೆದಿತ್ತು. ಅವರ ಬಳಿ ಒಂದು ವಾಹನ ಇತ್ತು. ಹೊರಗಿನಿಂದ ನೋಡಿದರೆ ಸಾಧಾರಣ ಬಸ್ಸು. ಒಳಗೆ ಸೀಸದ ತಡಿಕೆ, ಅದರಾಚೆ ಸ್ತನದ ಕ್ಯಾನ್ಸರನ್ನು ಮೊದಲ ಹಂತದಲ್ಲೇ ಪತ್ತೆಹಚ್ಚುವ ಮ್ಯಾಮೊಗ್ರಫಿ ಯಂತ್ರ. ವಾಹನ ಅಹಮದಾಬಾದಿನದು. ಚಿತ್ರಗಳನ್ನು ಓದಿ ಅಭಿಪ್ರಾಯ ಬರೆಯುವ ವೈದ್ಯೆಯೂ ಅಲ್ಲಿಯವರೇ, ನನ್ನ ಮಗಳ ಪ್ರಾಯದ ಗುಜರಾತಿ ಹೆಣ್ಣುಮಗಳು. ನನ್ನನ್ನು 'ಮಾಸಿ', ಎಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದರು.

ನಾವು ಹುಡುಕಿಕೊಂಡು ಹೋಗುತ್ತಿದ್ದುದು ಯಾವ ವಿಮೆಯೂ ಇಲ್ಲದ ಹೆಂಗಸರನ್ನು. ಕಾರ್ಖಾನೆಯಲ್ಲಿ ಗುತ್ತಿಗೆಯ ಮೇಲೆ ದುಡಿಯುವವರಿಗೆ ಕಾರ್ಮಿಕ ವಿಮೆ ಇಲ್ಲ. ನಮ್ಮ ಕರಾವಳಿಯಿಂದ ಬಂದು ಹೋಟೆಲುಗಳ ಅಡುಗೆಮನೆ ಸೇರಿದವರ ಪಡಿತರ ಚೀಟಿ ಊರಿನಲ್ಲಿ ಉಳಿದಿರುತ್ತದೆ. ಹಾಗಾಗಿ ಸರಕಾರದ ಆರೋಗ್ಯ ಕಾರ್ಡು ಇಲ್ಲಿ ಸಿಗುವುದಿಲ್ಲ, ಅಲ್ಲಿ ಸಿಕ್ಕರೂ ಇಲ್ಲಿ ಕೈಗೆ ಬರುವುದಿಲ್ಲ. ಇಂಥವರು ಗಡ್ಡೆ ತಾನಾಗಿ ಕೈಗೆ ತಾಕುವ ತನಕ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ.

ಗಣೇಶ ಚತುರ್ಥಿ ಕಳೆದ ಮೇಲೆ, ಸೂರತ್ತಿನ ಉಡುಪಿ ಹೋಟೆಲೊಂದರ ವಾರದ ರಜೆಯ ದಿನ ನಮ್ಮ ಶಿಬಿರ ಏರ್ಪಟ್ಟಿತು. ಯಜಮಾನರು ನಮ್ಮ ಕಡೆಯವರೇ, ಅರವತ್ತರ ಆಸುಪಾಸಿನವರು. ವಾಹನ ನಿಲ್ಲಿಸಲು ಹಿಂಭಾಗದ ಅಂಗಳವನ್ನು ತೊಳೆಸಿಟ್ಟಿದ್ದರು. ನೆಲ ಸ್ವಲ್ಪ ಇಳಿಜಾರಾಗಿದ್ದುದರಿಂದ ನಾಲ್ಕು ಮೂಲೆಗೂ ಜಾಕಿ ಕೊಟ್ಟು ಸಮಮಟ್ಟಕ್ಕೆ ತರುವಷ್ಟರಲ್ಲಿ ಒಂದು ಗಂಟೆ ಹೋಯಿತು. ಆ ಹೋಟೆಲಿನವರ ಜೊತೆಗೆ ನೆರೆಯ ಎರಡು ಹೋಟೆಲುಗಳ ಹೆಂಗಸರೂ ಬಂದಿದ್ದರು. ಎಲ್ಲರೂ ಮಿಂದು, ಮಡಿಕೆ ಮುರಿಯದ ಸೀರೆ ಉಟ್ಟು, ಕಂಕುಳಿಗೂ ಎದೆಗೂ ಧಾರಾಳವಾಗಿ ಪೌಡರು ಹಾಕಿಕೊಂಡಿದ್ದರು. ಬೆವರಿನ ವಾಸನೆ ಬಂದೀತೆಂಬ ಸಂಕೋಚ. ಪೌಡರಿನ ಕಣ ಚಿತ್ರದಲ್ಲಿ ಬಿಳಿಯ ಚುಕ್ಕೆಯಾಗಿ ಮೂಡಿ ರೋಗದ ಚಿಹ್ನೆಯಂತೆ ಕಾಣುತ್ತದೆ. ಒಬ್ಬೊಬ್ಬರನ್ನೂ ಒದ್ದೆ ಬಟ್ಟೆಯಿಂದ ಒರೆಸಿಯೇ ಒಳಗೆ ಬಿಟ್ಟೆ.

ಆ ಹೋಟೆಲಿನಲ್ಲಿ ಹಿಟ್ಟು ರುಬ್ಬುವ ಹೆಂಗಸೊಬ್ಬಳಿದ್ದಳು. ನಲವತ್ತೈದು ದಾಟಿರಬೇಕು. ಗಂಡ ತೀರಿಹೋಗಿದ್ದ, ಮಗಳನ್ನು ಕುಂದಾಪುರದ ಕಡೆಗೆ ಮದುವೆ ಮಾಡಿಕೊಟ್ಟಿದ್ದಳು. ಒತ್ತುವ ಹಲಗೆ ಕೆಳಗಿಳಿದಾಗ ಆಕೆ ಹಲ್ಲು ಕಚ್ಚಿಕೊಂಡೇ ಹೇಳಿದಳು:

"ಎಂತ ಅಮ್ಮ, ಇಷ್ಟು ವರ್ಷ ನಾನು ಹಿಟ್ಟು ರುಬ್ಬಿದ್ದು ಸಾಲದು ಅಂತ ಈಗ ನನ್ನನ್ನೇ ಹಾಕಿ ಅರೆಯುದಾ?"

"ಉಸಿರು ಹಿಡಿದುಕೋ ತಾಯಿ. ನಗಬೇಡ, ಚಿತ್ರ ಅಲುಗುತ್ತದೆ."

"ನಗದೆ ಎಂತ ಮಾಡುದು? ಅಳ್ಲಿಕ್ಕೆ ನಿಮ್ಮ ಬಸ್ಸಲ್ಲಿ ಜಾಗವೇ ಇಲ್ಲ."

ಪ್ರತಿ ಎದೆಗೆ ಎರಡು ಚಿತ್ರ: ಒಂದು ಮೇಲಿನಿಂದ ಕೆಳಕ್ಕೆ, ಇನ್ನೊಂದು ಕಂಕುಳಿನ ಕಡೆಯಿಂದ ಓರೆಯಾಗಿ. ಎಡಗಡೆಯ ಓರೆ ಚಿತ್ರವನ್ನು ಆಕೆಗೆ ಎರಡು ಸಲ ತೆಗೆಯಬೇಕಾಯಿತು, ನಿಜಕ್ಕೂ ನಕ್ಕಿದ್ದಳು.

ತಪ್ಪು ನಡೆದದ್ದು ಯಂತ್ರದ ಬಳಿಯಲ್ಲಲ್ಲ, ಮೇಜಿನ ಬಳಿಯಲ್ಲಿ. ಅರ್ಜಿಯಲ್ಲಿ 'ಸಂಪರ್ಕದ ದೂರವಾಣಿ' ಎಂಬ ಒಂದು ಅಂಕಣವಿತ್ತು. ನಾನು ಮೊದಲ ಹೆಂಗಸನ್ನು ಕೇಳುತ್ತಿರುವಾಗ ಕಾಫಿಯ ತಟ್ಟೆಯೊಂದಿಗೆ ಬಂದ ಯಜಮಾನರು ಹೇಳಿದರು: "ಎಲ್ಲರಿಗೂ ನನ್ನ ನಂಬರೇ ಬರೀರಿ ಅಮ್ಮ. ಇವರೆಲ್ಲ ನಮ್ಮ ಮನೆಯವರೇ. ಎಂತ ಇದ್ರೂ ನಾನು ನೋಡಿಕೊಳ್ತೇನೆ."

ಅವರ ಮಾತು ನನಗೆ ಹಿತವೆನಿಸಿತು. ನಾನು ಬೆಳೆದ ಕೂಡುಮನೆಯಲ್ಲಿ ಯಾರಿಗೆ ಪತ್ರ ಬಂದರೂ ಅದನ್ನು ಒಡೆಯುತ್ತಿದ್ದವರು ಅಜ್ಜಯ್ಯ. ನನ್ನ ಪರೀಕ್ಷೆಯ ಫಲಿತಾಂಶವನ್ನೂ ಅವರೇ ಮೊದಲು ಓದಿದ್ದರು. ಮನೆಯ ಹಿರಿಯರು ಮೊದಲು ತಿಳಿಯುವುದು, ಆಮೇಲೆ ಸಮಯ ನೋಡಿ ಉಳಿದವರಿಗೆ ತಿಳಿಸುವುದು: ಇದನ್ನು ನಾನು ಮರ್ಯಾದೆಯೆಂದೇ ನಂಬಿದ್ದೆ. ಒಂದೇ ಸಂಖ್ಯೆಯನ್ನು, ಒಂದರ ಕೆಳಗೆ ಒಂದರಂತೆ, ನನ್ನ ಕೈಯಾರೆ ದುಂಡಗೆ ಬರೆಯುತ್ತ ಹೋದೆ.

ನವರಾತ್ರಿ ಮುಗಿದು ಕೆಲವು ದಿನಗಳಾಗಿದ್ದವು. ವಡೋದರಾದ ಮಕರಪುರ ಕೈಗಾರಿಕಾ ಪ್ರದೇಶದ ಗುತ್ತಿಗೆ ಹೆಂಗಸರಿಗೆ ಮುಂದಿನ ಶಿಬಿರವಿತ್ತು. ಅದರ ಸಿದ್ಧತೆಗೆಂದು ಹಳೆಯ ಪಟ್ಟಿಗಳನ್ನು ಹರಡಿಕೊಂಡು ಕುಳಿತಿದ್ದಾಗ ಸೂರತ್ತಿನ ಪಟ್ಟಿಯಲ್ಲಿ ಒಂದು ಹೆಸರಿನ ಮುಂದೆ ವೈದ್ಯೆ ಕೆಂಪು ಶಾಯಿಯಲ್ಲಿ 'ಬೇಗ' ಎಂದು ಬರೆದಿದ್ದುದು ಕಂಡಿತು. ಹಿಟ್ಟು ರುಬ್ಬುವ ಹೆಂಗಸಿನ ಹೆಸರು. ಮರುತಪಾಸಣೆಗೆ ಅಹಮದಾಬಾದಿಗೆ ಬರಬೇಕೆಂದು ಕಚೇರಿಯಿಂದ ಎರಡು ಸಲ ಕರೆ ಹೋಗಿತ್ತು. ಎರಡು ಸಲವೂ 'ತಿಳಿಸಲಾಗಿದೆ' ಎಂಬ ಟಿಪ್ಪಣಿ. ಎರಡು ದಿನಾಂಕಗಳ ಎದುರಿಗೂ 'ಬಂದಿಲ್ಲ'.

ವೈದ್ಯೆಗೆ ಫೋನು ಮಾಡಿ ಚಿತ್ರದಲ್ಲಿ ಏನಿದೆಯೆಂದು ಕೇಳಿದೆ.

"ಎಡಗಡೆ, ಓರೆ ಚಿತ್ರದಲ್ಲಿ, ಮಾಸಿ. ಚಿಕ್ಕದು. ಆದರೆ ಸುತ್ತಲೂ ಎಳೆ ಬಿಟ್ಟಿದೆ. ಈಗ ಬಂದರೆ ಒಳ್ಳೆಯದು. ಅವರಿಗೆ ಹೇಳಿದ್ದಾರಲ್ಲ, ಭಯಪಟ್ಟು ಬಂದಿಲ್ಲವೇನೋ."

ಎಳೆ ಬಿಟ್ಟ ನೆರಳು ಹೆಚ್ಚಾಗಿ ಕ್ಯಾನ್ಸರಿನದೇ ಎಂಬುದು ನನಗೆ ತಿಳಿಯದ್ದಲ್ಲ. ಶಿಬಿರ ಮುಗಿದು ಆರು ವಾರಗಳು ಕಳೆದಿದ್ದವು. ಸಂಜೆ ಜಪಕ್ಕೆ ಕುಳಿತರೆ ಮಣಿ ಎಣಿಕೆ ಮೂರು ಬಾರಿ ತಪ್ಪಿತು. ಕೊನೆಗೆ ಮಾಲೆಯನ್ನು ಚೀಲಕ್ಕೆ ಹಾಕಿ ಯಜಮಾನರ ಸಂಖ್ಯೆಗೆ ಕರೆ ಮಾಡಿದೆ.

"ಅವಳು ಈಗ ಇಲ್ಲಿ ಇಲ್ಲ ಅಮ್ಮ" ಎಂದರು.

"ಮರುತಪಾಸಣೆಯ ವಿಷಯ ಆಕೆಗೆ ಹೇಳಿದ್ದಿರಾ?"

ಆ ಕಡೆ ತಟ್ಟೆ ಲೋಟಗಳ ಸದ್ದು ಕೇಳುತ್ತಿತ್ತು. "ಫೋನಲ್ಲಿ ಬೇಡ ಅಮ್ಮ. ನೀವು ಒಮ್ಮೆ ಬನ್ನಿ" ಎಂದರು.

ಮರುದಿನ ಬೆಳಗಿನ ರೈಲಿಗೆ ಸೂರತ್ತಿಗೆ ಹೋದೆ. ತಿಂಡಿಯ ಗಲಾಟೆ ಇಳಿದ ಮೇಲೆ ಯಜಮಾನರು ಗಲ್ಲಾದಿಂದ ಎದ್ದುಬಂದು ನನ್ನೆದುರು ಕುಳಿತರು. ಕೈಯಲ್ಲಿದ್ದ ಬಟ್ಟೆಯಿಂದ ಮೊದಲೇ ಸ್ವಚ್ಛವಾಗಿದ್ದ ಮೇಜನ್ನು ಮತ್ತೆ ಮತ್ತೆ ಒರೆಸುತ್ತಿದ್ದರು.

"ಇನ್ನೊಮ್ಮೆ ತಪಾಸಣೆಗೆ ಬರ್ಬೇಕು ಅಂದಾಗಲೇ ನನಗೆ ಗೊತ್ತಾಯ್ತು. ನನ್ನ ಅಕ್ಕನಿಗೂ ಇದೇ ಆದದ್ದು. ಡಾಕ್ಟ್ರು ಹೇಳಿದ ದಿವಸದಿಂದ ಅವಳು ಅನ್ನ ಮುಟ್ಟಲಿಲ್ಲ. ರೋಗ ಕೊಂದದ್ದಲ್ಲ ಅಮ್ಮ, ಆ ಶಬ್ದ ಕೊಂದದ್ದು. ಇವಳಿಗೆ ಹೇಗೆ ಹೇಳುದು? ನವರಾತ್ರಿ ಕಳೀಲಿ ಅಂತ ಇದ್ದೆ. ನವರಾತ್ರಿ ಕಳೀತು. ದೀಪಾವಳಿ ಕಳೀಲಿ ಅಂತ..."

"ಆಕೆಗೆ ಹೇಳುತ್ತೇನೆಂದು ಕಚೇರಿಯವರಲ್ಲಿ ಒಪ್ಪಿಕೊಂಡಿದ್ದಿರಿ."

"ಹೇಳ್ತೇನೆ ಅಂತಲೇ ಇದ್ದೆ ಮಾರಾಯ್ರೆ. ಸುಳ್ಳು ಅಲ್ಲ. ಗ್ರೈಂಡರಿಂದ ಅವಳನ್ನು ಬಿಡಿಸಿದೆ. ಕೊತ್ತಂಬರಿ ಸೊಪ್ಪು ಬಿಡಿಸುವ ಕೆಲಸ ಕೊಟ್ಟೆ. ದಿನಾ ಎರಡು ಲೋಟ ಹಾಲು ಕೊಡಿಸಿದೆ. ಮತ್ತೆ ಎಂತ ಮಾಡ್ಬೇಕಿತ್ತು ನಾನು?"

ಹಾಲು ಕುಡಿಯುವಾಗ ಉಳಿದ ಹೆಂಗಸರು ಆಕೆಯನ್ನು ಚುಚ್ಚತೊಡಗಿದ್ದರಂತೆ: ಯಜಮಾನರಿಗೆ ನಿನ್ನ ಮೇಲೆ ಇದೆಂಥ ಹೊಸ ಕಾಳಜಿ ಎಂದು. ಆಕೆ ಬೇರೆಯದೇ ತೀರ್ಮಾನಕ್ಕೆ ಬಂದಿದ್ದಳು. ತನ್ನನ್ನು ಕೆಲಸದಿಂದ ತೆಗೆಯಲು ಇದು ಪೀಠಿಕೆ. ಮೂರು ದಿನಗಳ ಹಿಂದೆ ಚೀಲ ಕಟ್ಟಿಕೊಂಡು ಅಹಮದಾಬಾದಿನ ವಸ್ತ್ರಾಪುರದಲ್ಲಿ ನಮ್ಮವರೇ ನಡೆಸುವ ಒಂದು ಮೆಸ್ಸಿಗೆ ಅಡುಗೆಗೆ ಹೋಗಿಬಿಟ್ಟಿದ್ದಳು.

"ಆಕೆಯ ಬಳಿ ಫೋನು ಇರಲಿಲ್ಲವೆ?"

ಯಜಮಾನರು ಒರೆಸುವುದನ್ನು ನಿಲ್ಲಿಸಿದರು. "ಉಂಟಲ್ಲ. ನೀವು ಕೇಳಲಿಲ್ಲ. ನಾನೂ ಹೇಳಲಿಲ್ಲ."

ಆಕೆಯ ಸಂಖ್ಯೆಯನ್ನೂ ಮೆಸ್ಸಿನ ವಿಳಾಸವನ್ನೂ ಬರೆದುಕೊಂಡು ನಿಲ್ದಾಣಕ್ಕೆ ಬಂದೆ. ಪ್ಲಾಟ್‌ಫಾರ್ಮಿನಿಂದ ನಾಲ್ಕು ಬಾರಿ ಕರೆ ಮಾಡಿದೆ. ಗುರುತಿಲ್ಲದ ಸಂಖ್ಯೆಯೆಂದೋ ಏನೋ, ಎತ್ತಲಿಲ್ಲ.

ರೈಲು ತಡವಾಗಿತ್ತು. ಕುಳಿತಲ್ಲಿ ಕುಳಿತಿರಲಾಗದೆ ಎದ್ದು ನಡೆದೆ, ಮತ್ತೆ ಕುಳಿತೆ. ವಡೋದರಾದಲ್ಲಿ ಇಳಿಯದೆ ನೇರ ಅಹಮದಾಬಾದಿಗೆ ಹೋಗಿಬಿಡಬೇಕೆಂದು ಮನಸ್ಸು ಎಳೆಯುತ್ತಿತ್ತು. ಆದರೆ ಮರುದಿನ ಮಕರಪುರದ ಶಿಬಿರ. ಚೀಲದಿಂದ ಆ ಪಟ್ಟಿಯನ್ನು ತೆಗೆದು ನೋಡಿದೆ. ಹೆಸರುಗಳ ಮುಂದೆ ಮೇಲಿನಿಂದ ಕೆಳಗಿನ ತನಕ ಒಂದೇ ಸಂಖ್ಯೆ: ಗುತ್ತಿಗೆದಾರರ ಮೇಲ್ವಿಚಾರಕನದು. ಅದೇ ದುಂಡಗಿನ ಅಕ್ಷರ, ನನ್ನದೇ. ಸೂರತ್ತಿನಲ್ಲಿ ಒಬ್ಬಳಿಗೆ ಆದದ್ದನ್ನು ಇಲ್ಲಿ ನಲವತ್ತು ಮಂದಿಗೆ ಆಗುವಂತೆ ನಾನು ಆಗಲೇ ಸಿದ್ಧಪಡಿಸಿಟ್ಟಿದ್ದೆ.

ವೈದ್ಯೆಗೆ ಫೋನು ಮಾಡಿ, ನಾಳೆ ಪ್ರತಿಯೊಬ್ಬಳನ್ನೂ ಹೊಸದಾಗಿ ಕೇಳಿ ಬರೆದುಕೊಂಡಲ್ಲದೆ ಯಂತ್ರದ ಗುಂಡಿ ಒತ್ತುವುದಿಲ್ಲ ಎಂದೆ.

"ಮಾಸಿ, ಅವರು ಅರ್ಧ ದಿನದ ರಜೆ ಹಾಕಿ ಬರುವವರು. ನೀವು ಕೇಳುತ್ತ ಕುಳಿತರೆ ಅರ್ಧಕ್ಕರ್ಧ ಜನ ತಪಾಸಣೆ ಇಲ್ಲದೆ ಹಿಂದಿರುಗುತ್ತಾರೆ. ವಾಹನ ಮತ್ತೆ ಅಲ್ಲಿಗೆ ಬರುವುದು ಎಷ್ಟೋ ವಾರಗಳ ಮೇಲೆ. ಅವರಲ್ಲಿ ಒಬ್ಬಳಿಗೆ ಕಾಯಿಲೆ ಇದ್ದರೆ?"

"ಕಾಯಿಲೆ ಇದ್ದು, ಅದು ಆಕೆಯನ್ನು ಬಿಟ್ಟು ಮತ್ತೆಲ್ಲರಿಗೂ ಗೊತ್ತಿದ್ದರೆ?" ಎಂದಷ್ಟೇ ಕೇಳಿದೆ. ಅವರು ನಿಟ್ಟುಸಿರುಬಿಟ್ಟು, ಹಿಟ್ಟು ರುಬ್ಬುವ ಹೆಂಗಸಿಗಾಗಿ ನಾಡಿದ್ದಿನ ಒಂದು ಸಮಯ ಕಾದಿರಿಸುವುದಾಗಿ ಒಪ್ಪಿದರು.

ಮಕರಪುರದಲ್ಲಿ ಮೂರು ಪ್ರಶ್ನೆಗಳನ್ನು ಇಟ್ಟುಕೊಂಡೆ. ಸುದ್ದಿಯನ್ನು ನಿನಗೆ ನೇರವಾಗಿ ತಲುಪಿಸುವುದು ಹೇಗೆ? ನೀನು ಸಿಗದಿದ್ದರೆ ಯಾರಿಗೆ ಹೇಳಬಹುದು? ಯಾರಿಗೆ ಹೇಳಬಾರದು? ಒಬ್ಬೊಬ್ಬಳನ್ನೂ ವಾಹನದೊಳಗೆ ಕರೆದು, ಬಾಗಿಲು ಹಾಕಿ ಕೇಳಿದೆ. ಮೂರನೆಯ ಪ್ರಶ್ನೆಗೆ ಬಂದಾಗ ಅನೇಕರು ಮೊದಲ ಬಾರಿಗೆ ನನ್ನ ಮುಖ ನೋಡಿದರು. ಒಬ್ಬಳು ಚಹಾದಂಗಡಿಯ ಹೆಂಗಸಿನ ಸಂಖ್ಯೆ ಕೊಟ್ಟಳು. ಇನ್ನೊಬ್ಬಳ ಫೋನು ಗಂಡನ ಜೇಬಿನಲ್ಲಿ ಇರುತ್ತದಂತೆ. ಆಕೆ ಯೋಚಿಸಿ ಹಿಂದಿಯಲ್ಲಿ ಹೇಳಿದಳು: "ಅಮ್ಮಾ, ನೀವು ದರ್ಜಿಯವಳ ಹಾಗೆ ಮಾತಾಡಿ. 'ರವಿಕೆ ಅಳತೆ ಸರಿಯಾಗಿಲ್ಲ, ಇನ್ನೊಮ್ಮೆ ಬಾ' ಅನ್ನಿ. ನನಗೆ ಗೊತ್ತಾಗುತ್ತೆ." ಅದನ್ನು ಹಾಗೆಯೇ ಬರೆದುಕೊಂಡೆ.

ವೈದ್ಯೆ ಹೇಳಿದಂತೆಯೇ ಆಯಿತು. ಪಾಳಿಯ ಸೈರನ್ ಕೂಗುವಾಗ ಹದಿನಾಲ್ಕು ಹೆಂಗಸರು ಇನ್ನೂ ಸಾಲಿನಲ್ಲಿದ್ದರು. "ಮುದುಕಿಗೆ ಫೋಟೋ ತೆಗೆಯುವುದಕ್ಕಿಂತ ಊರ ಸುದ್ದಿ ಕೇಳುವ ಚಟ" ಎಂದು ಒಬ್ಬಳು ಎಲ್ಲರಿಗೂ ಕೇಳುವಂತೆ ಗುಜರಾತಿಯಲ್ಲಿ ಅಂದು ಹೊರಟುಹೋದಳು. ಉಳಿದವರೂ ಹೋದರು. ಅವರ ಬೆನ್ನುಗಳನ್ನು ನೋಡುತ್ತ ನಿಂತೆ. ಮುಂದೆ ಆ ಹದಿನಾಲ್ವರಲ್ಲಿ ಒಂಬತ್ತು ಮಂದಿ ಮರಳಿ ಬಂದರು. ಐವರು ಬರಲೇ ಇಲ್ಲ.

ವಾಹನ ಅಹಮದಾಬಾದಿಗೆ ಹಿಂದಿರುಗುವಾಗ ಅದರಲ್ಲೇ ಕುಳಿತು ಹೋದೆ. ಮರುದಿನ ಬೆಳಿಗ್ಗೆ ವಸ್ತ್ರಾಪುರದ ಕೆರೆಯ ಹಿಂದಿನ ಬೀದಿಯಲ್ಲಿ ಆ ಮೆಸ್ಸನ್ನು ಹುಡುಕಿದೆ. ಆಕೆ ಹಿಂಬಾಗಿಲ ಬಳಿ ಕುಳಿತು ಸೌತೆಕಾಯಿ ಹೆಚ್ಚುತ್ತಿದ್ದಳು. ನನ್ನನ್ನು ಕಂಡು ಈಳಿಗೆಮಣೆಯನ್ನು ಬದಿಗೆ ಸರಿಸಿದಳು, ಏಳಲಿಲ್ಲ.

"ಯಜಮಾನ್ರು ಕಳಿಸಿದ್ದಾ? ನಾನು ವಾಪಸು ಬರುದಿಲ್ಲ. ಸೊಪ್ಪು ಬಿಡಿಸ್ಲಿಕ್ಕೆ ನಾನೇ ಬೇಕಾ ಅವರಿಗೆ?"

"ಅವರು ಕಳುಹಿಸಿದ್ದಲ್ಲ. ನಾನು ತಪ್ಪೊಪ್ಪಿಕೊಳ್ಳಲು ಬಂದವಳು." ಆಕೆಯ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ. ಚಿತ್ರದಲ್ಲಿ ಎಡಗಡೆ ಒಂದು ನೆರಳು ಕಂಡಿದೆ. ಅದೇನೆಂದು ಇನ್ನೂ ಖಚಿತವಿಲ್ಲ. ಎರಡು ಸಲ ಕರೆ ಬಂದಿತ್ತು. ನಿನ್ನ ಸಂಖ್ಯೆ ಕೇಳದೆ ಯಜಮಾನರದನ್ನು ಬರೆದವಳು ನಾನು.

ಆಕೆ ಸೌತೆಯ ಬೀಜಗಳನ್ನು ಬೆರಳಿನಿಂದ ಒಟ್ಟುಮಾಡಿದಳು.

"ಅವರಿಗೆ ಗೊತ್ತಿತ್ತು. ನಿಮ್ಮ ಡಾಕ್ಟ್ರಿಗೆ ಗೊತ್ತಿತ್ತು. ಆಫೀಸಿನವರಿಗೆ ಗೊತ್ತಿತ್ತು. ನನ್ನ ಮೈ ಅಮ್ಮ ಇದು. ನಾನು ಹಾಲು ಕುಡ್ಕೊಂಡು ಕೂತಿದ್ದೆ."

"ಹೌದು ತಾಯಿ."

"ಅದರಲ್ಲಿ ಸಕ್ಕರೆಯೂ ಹಾಕ್ತಿರಲಿಲ್ಲ" ಎಂದಳು. ಹೆಚ್ಚಿದ ಸೌತೆಯನ್ನು ಪಾತ್ರೆಗೆ ಸುರಿದಳು. "ಸಾಂಬಾರು ಇಳಿಸಿ ಬರ್ತೇನೆ. ಇಲ್ಲಿ ಊಟಕ್ಕೆ ಬರುವವರು ಎಂತ ತಪ್ಪು ಮಾಡಿದ್ದಾರೆ?" ಎಂದು ಎದ್ದಳು.

ಆಸ್ಪತ್ರೆಯಲ್ಲಿ ಯಂತ್ರ ಬೇರೊಬ್ಬರ ಕೈಯಲ್ಲಿತ್ತು. ನೆರಳಿದ್ದ ಜಾಗವನ್ನಷ್ಟೇ ಒತ್ತಿ ಹಿಗ್ಗಿಸಿದ ಚಿತ್ರ, ಬಳಿಕ ಸ್ಕ್ಯಾನ್, ಅದನ್ನು ನೋಡಿಕೊಂಡೇ ಸೂಜಿಯಿಂದ ಎಳೆಯಷ್ಟು ಮಾಂಸ ತೆಗೆಯುವುದು. ಇಷ್ಟೂ ಹೊತ್ತು ನಾನು ಹೊರಗಿನ ಬೆಂಚಿನಲ್ಲಿದ್ದೆ. ಜೀವಮಾನವಿಡೀ ತಡಿಕೆಯ ಈಚೆ ನಿಂತು ಗುಂಡಿ ಒತ್ತಿದವಳಿಗೆ ಹೊರಗೆ ಕಾಯುವವರ ಹೊತ್ತು ಎಷ್ಟು ಉದ್ದವೆಂದು ತಿಳಿದಿರಲಿಲ್ಲ.

ಕೆಲವು ದಿನಗಳ ಬಳಿಕ ವರದಿ ಬಂದಿತು. ಕಚೇರಿಯವರು ಈ ಬಾರಿ ಆಕೆಯ ಫೋನಿಗೇ ಕರೆ ಮಾಡಿದರು. ಆಕೆ ನನಗೆ ಕರೆ ಮಾಡಿದಳು. "ನೀವೂ ಬನ್ನಿ ಅಮ್ಮ. ಡಾಕ್ಟ್ರು ಹೇಳುದು ನನಗೇ ಹೇಳಲಿ. ನೀವು ಅವರ ಮಾತನ್ನು ಕನ್ನಡ ಮಾಡಿ ಕೊಡಿ, ಅಷ್ಟೇ."

ವೈದ್ಯೆ ಆಕೆಯ ಮುಖ ನೋಡಿಯೇ ಮಾತನಾಡಿದರು, ನಿಧಾನವಾಗಿ. ಎರಡನೆಯ ವಾಕ್ಯದಲ್ಲಿ ಆ ಶಬ್ದ ಬಂದಿತು. ಆಗ ನನಗೊದಗಿದ ಸ್ಥಿತಿಯನ್ನು ಮರೆಮಾಚಲಾರೆ. ನನ್ನ ನಾಲಗೆಯ ತುದಿಗೆ 'ಗಂಟು' ಎಂಬ ಮಾತು ಬಂದು ನಿಂತಿತ್ತು. ಇವತ್ತಿಗೆ ಗಂಟು ಎಂದರೆ ಸಾಕು, ಉಳಿದದ್ದನ್ನು ನಾಳೆ ಹೇಳೋಣ, ಆಕೆ ಊಟ ಮಾಡಲಿ. ಸೂರತ್ತಿನ ಯಜಮಾನರು ವಾರಗಟ್ಟಲೆ ಯಾವ ಜಾಗದಲ್ಲಿ ನಿಂತಿದ್ದರೋ ಅದೇ ಜಾಗದಲ್ಲಿ ನಾನೂ ಒಂದು ಉಸಿರಿನಷ್ಟು ಹೊತ್ತು ನಿಂತೆ. ಆಕೆ ನನ್ನ ತುಟಿಯನ್ನೇ ನೋಡುತ್ತಿದ್ದಳು.

"ಕ್ಯಾನ್ಸರ್ ಎಂದು ಹೇಳುತ್ತಿದ್ದಾರೆ" ಎಂದೆ. "ಚಿಕ್ಕದಾಗಿದೆ. ಕಂಕುಳಿಗೆ ಹೋದಂತೆ ಕಾಣುವುದಿಲ್ಲ, ಆದರೆ ಶಸ್ತ್ರಕ್ರಿಯೆಯ ಹೊತ್ತಿಗೇ ಖಚಿತವಾಗುವುದು. ಆ ಮೇಲೂ ಚಿಕಿತ್ಸೆ ಬೇಕಾಗುತ್ತದೆ."

ಆಕೆ ತಲೆಯಾಡಿಸಿದಳು. ಕೇಳಿದ್ದು ಒಂದೇ: "ಕೈ ಎತ್ಲಿಕ್ಕೆ ಆಗ್ತದಾ? ಗ್ರೈಂಡರಿನ ಕಲ್ಲು ಎತ್ತಿ ತೊಳೀಬೇಕಲ್ಲ."

ಕೆಲವು ತಿಂಗಳು ಕಲ್ಲು ಎತ್ತಬಾರದು, ಕೈ ಮಾತ್ರ ಎತ್ತಬಹುದು, ಅದಕ್ಕೆ ವ್ಯಾಯಾಮ ಹೇಳಿಕೊಡುತ್ತೇವೆ ಎಂದರು ವೈದ್ಯೆ. ವಿಮೆಯಿಲ್ಲದವರಿಗೆಂದು ಸಂಸ್ಥೆ ಇರಿಸಿದ್ದ ಹಾಸಿಗೆಗೆ ಆಕೆಯ ಹೆಸರನ್ನು ಅಲ್ಲೇ ಬರೆಸಿದರು. ಹೊರಗೆ ಬಂದ ಮೇಲೆ ಆಕೆ ಗೋಡೆಗೆ ಒರಗಿ ನಿಂತು ತನ್ನ ಫೋನು ತೆಗೆದಳು. ಮಗಳಿಗೆ ಮೊದಲು, ಆಮೇಲೆ ಸೂರತ್ತಿಗೆ.

"ಯಜಮಾನ್ರೇ, ನಾನು. ನನಗೆ ಕ್ಯಾನ್ಸರ್ ಅಂತೆ. ಹ್ಞಾಂ, ನಿಮಗೆ ಗೊತ್ತುಂಟು, ಆದ್ರೂ ನಾನು ಹೇಳ್ತಾ ಇದ್ದೇನೆ. ಕೇಳಿ. ಆಪರೇಷನ್ ಉಂಟು. ನೀವು ಅಳುದು ಎಂತಕ್ಕೆ, ಗಿರಾಕಿಗಳು ನೋಡ್ತಾರೆ. ಊಟ ಮಾಡಿದ್ರಾ? ನಾನು ಮಾಡ್ತೇನೆ, ಈಗ ಹೋಗಿ ಮಾಡ್ತೇನೆ."

ಶಸ್ತ್ರಕ್ರಿಯೆ ಆಗಿದೆ. ಔಷಧ ನಡೆಯುತ್ತಿದೆ. ಕಳೆದುಹೋದ ಆರು ವಾರಗಳು ಏನನ್ನಾದರೂ ಕೆಡಿಸಿದವೇ ಎಂದು ವೈದ್ಯೆಯನ್ನು ಕೇಳಿದರೆ, ಹೇಳಲಾಗದು ಎನ್ನುತ್ತಾರೆ. ಆ ಉತ್ತರದೊಂದಿಗೇ ನಾನು ಮಲಗುತ್ತೇನೆ, ಏಳುತ್ತೇನೆ. ಸೂರತ್ತು, ವಡೋದರಾ, ಅಹಮದಾಬಾದು, ಮೂರೂ ಊರುಗಳಲ್ಲಿ ಈಗ ಬಾಗಿಲು ಹಾಕಿ ಮೂರು ಪ್ರಶ್ನೆ ಕೇಳಿದ ಮೇಲೆಯೇ ತಪಾಸಣೆ. ಇದರಿಂದ ದಿನಕ್ಕೆ ನೋಡುವವರ ಸಂಖ್ಯೆ ಇಳಿದಿದೆ. ಇನ್ನೊಂದು ದಿನ ವಾಹನ ಕೊಡಿರೆಂದು ಸಂಸ್ಥೆಯನ್ನು ಬೇಡುತ್ತಲೇ ಇದ್ದೇನೆ.

ದೊಡ್ಡ ಮನಸ್ಸಿದ್ದೂ ಬಾಯಿ ಬಾರದೆ ಸೋತ ಯಜಮಾನರಿಗೆ ದೇವರು ನೆಮ್ಮದಿಯ ನಿದ್ದೆ ಕೊಡಲಿ. ನನ್ನ ಹಟಕ್ಕೆ ಬಾಗಿದ ವೈದ್ಯೆಯ ಕಣ್ಣು ಎಂದೂ ಮಂಕಾಗದಿರಲಿ. ಮಕರಪುರದಲ್ಲಿ ಬೈದು ಹೋದವಳಿಗೂ, ಮರಳಿ ಬಾರದ ಆ ಐವರಿಗೂ ಆರೋಗ್ಯವಿರಲಿ. ಇಲ್ಲದಿದ್ದರೆ ಬೇರೆ ಯಾವುದಾದರೂ ಬಾಗಿಲು ಅವರಿಗೆ ಬೇಗ ತೆರೆಯಲಿ. ಹಿಟ್ಟು ರುಬ್ಬುವ ಆ ಹೆಣ್ಣುಮಗಳಿಗೆ ನೂರು ವರ್ಷ ಆಯುಸ್ಸು ಬೇಡುವುದು ನಮ್ಮ ರೂಢಿ, ಅದನ್ನೂ ಬೇಡುತ್ತೇನೆ. ಆ ಆಯುಸ್ಸು ಎಷ್ಟೇ ಇರಲಿ, ಅದರ ಸುದ್ದಿ ಮೊದಲು ಅವಳ ಕಿವಿಗೇ ಬೀಳಲಿ.